ಹಳೇ ಥಿಂಕ್‌ಪ್ಯಾಡ್‌ಗೆ ಯಾವ ವೈಫೈ ಕಾರ್ಡ್ ಹಾಕಬೇಕು?

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಪೋರ್ಟ್ ನಿಂತ ಮೇಲೆ, ಮನೆಯ ಹಳೇ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕಿಸಿಕೊಂಡವರು ನನ್ನ ಪರಿಚಯದಲ್ಲೇ ಸಾಕಷ್ಟು ಜನ ಇದ್ದಾರೆ. ರ‍್ಯಾಮ್ ಹೆಚ್ಚಿಸಿ, ಎಸ್‌ಎಸ್‌ಡಿ ಕೂರಿಸಿದರೆ ಮೆಷಿನ್ ಚುರುಕಾಗುತ್ತೆ. ನೆಟ್ ಮಾತ್ರ ತೆವಳುತ್ತೆ. ಅಂಗಡಿಗೆ ಒಯ್ದರೆ "ಇದರ ಕಾಲ ಮುಗೀತು ಸಾರ್, ಹೊಸದು ತಗೊಳ್ಳಿ" ಅಂತಾರೆ. ನನಗೆ ಈ ಮಾತು ಖಂಡಿತ ಒಪ್ಪಿಗೆ ಇಲ್ಲ. ಪ್ರೊಸೆಸರ್ ಇನ್ನೂ ಗಟ್ಟಿ, ಕೀಬೋರ್ಡ್ ಅಂತೂ ಈಗಿನವಕ್ಕಿಂತ ಎಷ್ಟೋ ಮೇಲು. ಸೋತಿರೋದು ದೊಡ್ಡ ಅಂಚೆಚೀಟಿಯಷ್ಟಿರುವ ಒಂದು ವೈಫೈ ಕಾರ್ಡ್.

ಲೆನೊವೊ ಥಿಂಕ್‌ಪ್ಯಾಡ್ ಎಕ್ಸ್220 ತಗೊಳ್ಳಿ. 2011ರ ಮೆಷಿನ್, 12.5 ಇಂಚಿನ ಸ್ಕ್ರೀನ್. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಕಂಪನಿಗಳಿಂದ ವಾಪಸ್ ಬಂದ ಥಿಂಕ್‌ಪ್ಯಾಡ್‌ಗಳು ವರ್ಷಗಟ್ಟಲೆ ಮಾರಾಟವಾಗಿವೆ, ಹಾಗಾಗಿ ಇದು ನಮ್ಮಲ್ಲಿ ಅನೇಕರಿಗೆ ಗೊತ್ತಿರೋ ಮಾಡೆಲ್. ಇದರ ಕಡಿಮೆ ಬೆಲೆಯ ಆವೃತ್ತಿಗಳಲ್ಲಿ ರಿಯಲ್‌ಟೆಕ್ ಆರ್‌ಟಿಎಲ್8188ಸಿಇ ಕಾರ್ಡ್ ಬರ‍್ತಿತ್ತು. ವೈಫೈ ಓಡೋ 2.4 ಮತ್ತು 5 ಗಿಗಾಹರ್ಟ್ಸ್ ಬ್ಯಾಂಡ್‌ಗಳಲ್ಲಿ ಅದು 2.4 ಮಾತ್ರ ಹಿಡಿಯುತ್ತೆ, ಕಾಗದದ ಮೇಲಿನ ಗರಿಷ್ಠ ವೇಗವೇ 150 ಎಂಬಿಪಿಎಸ್. 2.4ರಲ್ಲಿ ಒಂದಕ್ಕೊಂದು ಅಡ್ಡ ಬರದ ಚಾನೆಲ್‌ಗಳು 1, 6, 11, ಇವು ಮೂರೇ. ಅಪಾರ್ಟ್‌ಮೆಂಟಿನಲ್ಲಿ ಮೇಲೆ, ಕೆಳಗೆ, ಅಕ್ಕಪಕ್ಕ ಎಲ್ಲರ ರೌಟರ್‌ಗಳೂ ಆ ಮೂರರಲ್ಲೇ ತಳ್ಳಾಡುತ್ತಿರುತ್ತವೆ. ಮನೆಗೆ 100 ಎಂಬಿಪಿಎಸ್ ಫೈಬರ್ ಬಂದಿದ್ದರೂ ಲ್ಯಾಪ್‌ಟಾಪಿಗೆ ಅದರ ಚೂರು ಮಾತ್ರ ದಕ್ಕೋದು ಇದೇ ಕಾರಣಕ್ಕೆ.

ನಿಮ್ಮದೂ ಇಂಥ ಕಾರ್ಡೇನಾ ಅಂತ ತಿಳಿಯೋಕೆ ಸ್ಕ್ರೂ ಬಿಚ್ಚಬೇಕಾಗಿಲ್ಲ. ರೌಟರ್‌ನ 5 ಗಿಗಾಹರ್ಟ್ಸ್ ನೆಟ್‌ವರ್ಕಿಗೆ ಬೇರೆ ಹೆಸರಿಡಿ. ಆ ಹೆಸರು ಫೋನಿನಲ್ಲಿ ಕಂಡು ಲ್ಯಾಪ್‌ಟಾಪಿನಲ್ಲಿ ಕಾಣದಿದ್ದರೆ ಅನುಮಾನ ಪಡಬೇಕಾದ್ದು ಕಾರ್ಡನ್ನೇ.

ಎಕ್ಸ್220ಗೆ ನಾನು ಹೇಳೋದು ಇಂಟೆಲ್ ಸೆಂಟ್ರಿನೋ ಅಡ್ವಾನ್ಸ್ಡ್-ಎನ್ 6205. ಅದೂ ಅದೇ ಕಾಲದ ಕಾರ್ಡೇ. ಆದರೆ ಎರಡೂ ಬ್ಯಾಂಡ್ ಹಿಡಿಯುತ್ತೆ, ಎರಡು ಆಂಟೆನಾ ಬಳಸುತ್ತೆ, 300 ಎಂಬಿಪಿಎಸ್ ಲಿಂಕ್ ಕೊಡುತ್ತೆ. ನಿಜವಾಗಿ ಕೈಗೆ ಸಿಗೋದು ಅದರ ಅರ್ಧದ ಆಸುಪಾಸು ಅಂತ ಇಟ್ಟುಕೊಂಡರೂ 100ರ ಪ್ಲಾನಿಗೆ ಧಾರಾಳ. ಲಿನಕ್ಸ್‌ನಲ್ಲಿ ಡ್ರೈವರ್ ಹುಡುಕೋ ಕೆಲಸವೂ ಇಲ್ಲ, ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲೇ ಇದೆ. ಬ್ಲೂಟೂತ್ ಈ ಕಾರ್ಡಿನಲ್ಲಿ ಇಲ್ಲ. ಎಕ್ಸ್220ಯಲ್ಲಿ ಅದು ಬೇರೆಯೇ ಮಾಡ್ಯೂಲ್ ಆದ್ದರಿಂದ ತೊಂದರೆಯಿಲ್ಲ.

"ಇನ್ನೂ ಹೊಸ ತಲೆಮಾರಿನ 802.11ಎಸಿ ವೈಫೈ ಕಾರ್ಡೇ ಹಾಕಬಹುದಲ್ಲ, ಇಂಟೆಲ್ 7260 ಇದೇ ಸ್ಲಾಟಿಗೆ ಕೂರುತ್ತೆ, 867 ಎಂಬಿಪಿಎಸ್ ಕೊಡುತ್ತೆ" ಅಂತ ಕೇಳಬಹುದು. ಕೂರುತ್ತೆ, ನಿಜ. ಆದರೆ ಮೆಷಿನ್ ಆನ್ ಮಾಡಿದರೆ ಕಪ್ಪು ಪರದೆಯ ಮೇಲೆ 1802 ಅನ್ನೋ ಎರರ್ ಬರುತ್ತೆ: ಅನುಮತಿ ಇಲ್ಲದ ನೆಟ್‌ವರ್ಕ್ ಕಾರ್ಡ್ ಹಾಕಿದ್ದೀರಿ, ಆಫ್ ಮಾಡಿ ತೆಗೆಯಿರಿ ಅಂತ. ಅಲ್ಲಿಂದ ಮುಂದಕ್ಕೆ ಬೂಟೇ ಆಗಲ್ಲ. ಮೆಷಿನ್ ಆನ್ ಆದಾಗ ಮೊದಲು ಓಡೋ ಬಯಾಸ್ ಅನ್ನೋ ಸಾಫ್ಟ್‌ವೇರ್ ಒಳಗೆ ಒಪ್ಪಿತ ಕಾರ್ಡ್‌ಗಳದ್ದೊಂದು ಪಟ್ಟಿ ಇದೆ, ವೈಟ್‌ಲಿಸ್ಟ್ ಅಂತಾರೆ. ಅದು ಚಿಪ್ ಯಾವುದು ಅಂತ ನೋಡಿ ಸುಮ್ಮನಾಗಲ್ಲ, ಕಾರ್ಡ್ ಯಾರಿಗಾಗಿ ತಯಾರಾಯ್ತು ಅನ್ನೋ ಸಬ್‌ಸಿಸ್ಟಮ್ ಐಡಿಯನ್ನೂ ನೋಡುತ್ತೆ. ಹಾಗಾಗಿ ಬೇರೆ ಕಂಪನಿಯ ಲ್ಯಾಪ್‌ಟಾಪಿನಿಂದ ತೆಗೆದ ಅದೇ 6205 ಕೂಡ ಇಲ್ಲಿ ನಡೆಯದೇ ಹೋಗಬಹುದು. ಕೊಳ್ಳುವಾಗ ಸ್ಟಿಕರ್ ಮೇಲೆ ಲೆನೊವೊದ ಎಫ್‌ಆರ್‌ಯು ನಂಬರ್ (ಕಂಪನಿ ತನ್ನ ಬಿಡಿಭಾಗಕ್ಕೆ ಕೊಡೋ ಸಂಖ್ಯೆ) ಇದೆಯಾ ಅಂತ ನೋಡಿಯೇ ದುಡ್ಡು ಕೊಡಿ.

ಈ ವೈಟ್‌ಲಿಸ್ಟ್ ಬಗ್ಗೆ ನನಗೆ ನಿಜಕ್ಕೂ ಸಿಟ್ಟಿದೆ. ಐಬಿಎಂ ಕಾಲದ ಥಿಂಕ್‌ಪ್ಯಾಡ್‌ಗಳಲ್ಲೂ ಇತ್ತು, ಎಚ್‌ಪಿಯ ಎಷ್ಟೋ ಮಾಡೆಲ್‌ಗಳಲ್ಲೂ ಇತ್ತು. ಇದಕ್ಕೆ ಕೊಡೋ ಸಮರ್ಥನೆ ಅಮೆರಿಕದ ಸಂಪರ್ಕ ನಿಯಂತ್ರಣ ಸಂಸ್ಥೆ ಎಫ್‌ಸಿಸಿಯ ನಿಯಮ: ರೇಡಿಯೋ ಮತ್ತು ಆಂಟೆನಾ ಒಟ್ಟಿಗೆ ಪರೀಕ್ಷೆಯಾಗಿರಬೇಕು ಅಂತ. ನಿಯಮ ಸುಳ್ಳಲ್ಲ. ಆದರೆ ಅದೇ ಎಫ್‌ಸಿಸಿಯಲ್ಲಿ ಮಾಡ್ಯೂಲ್‌ಗೇ ಪ್ರತ್ಯೇಕ ಅನುಮತಿ ಪಡೆಯೋ ದಾರಿಯೂ ಇದೆ. ಅದೇ ಕಾಲದ ಡೆಲ್ ಲ್ಯಾಟಿಟ್ಯೂಡ್‌ಗಳು ಬೇರೆ ಕಾರ್ಡ್‌ಗಳನ್ನ ತಕರಾರಿಲ್ಲದೆ ಒಪ್ಪಿಕೊಳ್ತವೆ. ಪೂರ್ತಿ ದುಡ್ಡು ಕೊಟ್ಟು ಕೊಂಡ ಮೆಷಿನ್ ಒಳಗೆ ಯಾವ ಕಾರ್ಡ್ ಇರಬೇಕು ಅನ್ನೋದನ್ನ ಹತ್ತು ವರ್ಷ ಆದಮೇಲೂ ತಯಾರಕರೇ ನಿರ್ಧರಿಸೋದು ಮಾಲೀಕನಿಗೆ ಮಾಡೋ ಅನ್ಯಾಯ. ರಿಪೇರಿಯ ಹಕ್ಕಿನ ಬಗ್ಗೆ ಮಾತಾಡುವವರು ಬ್ಯಾಟರಿ, ಸ್ಕ್ರೀನ್ ಜೊತೆಗೆ ಇದನ್ನೂ ಎತ್ತಬೇಕು.

ಬಯಾಸ್ ಚಿಪ್‌ಗೆ ಕ್ಲಿಪ್ ಹಾಕಿ, ಪ್ರೋಗ್ರಾಮರ್ ಅನ್ನೋ ಸಣ್ಣ ಸಾಧನ ಇಟ್ಟುಕೊಂಡು, ಬಯಾಸ್ ಬದಲಿಗೆ ಕೋರ್‌ಬೂಟ್ ಅನ್ನೋ ಮುಕ್ತ ಸಾಫ್ಟ್‌ವೇರ್ ಬರೆದರೆ ಈ ಬೀಗ ಹೋಗುತ್ತೆ. ಕೈ ಪಳಗಿದವರು ಮಾಡಲಿ. ಮಕ್ಕಳ ಓದಿಗೋ ಅಪ್ಪನ ಬ್ಯಾಂಕ್ ಕೆಲಸಕ್ಕೋ ಇರೋ ಒಂದೇ ಲ್ಯಾಪ್‌ಟಾಪ್ ಆದರೆ ಆ ಸಾಹಸ ಬೇಡ, 6205 ಸಾಕು.

ಆನ್‌ಲೈನ್‌ನಲ್ಲಿ "ವೈಫೈ 6" ಅಂತ ನೋಡಿ ಮರುಳಾಗಬೇಡಿ. ವೈಫೈ 6ರ ಇಂಟೆಲ್ ಎಎಕ್ಸ್200 ಕಾರ್ಡ್ ಎಂ.2 ಅನ್ನೋ ಹೊಸ ಆಕಾರದ್ದು, ಎಕ್ಸ್220ಯಲ್ಲಿರೋದು ಹಳೇ ಮಿನಿ ಪಿಸಿಐಇ ಸ್ಲಾಟ್. ಆಂಟೆನಾ ಕನೆಕ್ಟರ್‌ನ ಅಳತೆಯೂ ಬೇರೆ. ಎಎಕ್ಸ್201 ಅಂತೂ ಹೊಸ ಇಂಟೆಲ್ ಪ್ಲಾಟ್‌ಫಾರ್ಮ್ ಬಿಟ್ಟು ಬೇರೆಲ್ಲೂ ಕೆಲಸ ಮಾಡಲ್ಲ. ಅದರ ಅರ್ಧ ಕೆಲಸ ಪ್ರೊಸೆಸರ್ ಕಡೆಯ ಚಿಪ್‌ಸೆಟ್‌ನಲ್ಲೇ ನಡೆಯುತ್ತೆ. ಹೊರಗಿಂದ ಚುಚ್ಚೋ ಯುಎಸ್‌ಬಿ ವೈಫೈ ಡಾಂಗಲ್ ಸುಲಭದ ದಾರಿ ಅನ್ನಿಸುತ್ತೆ, ಆದರೆ ಎಕ್ಸ್220ಯ ಬಹುತೇಕ ಮಾಡೆಲ್‌ಗಳಲ್ಲಿರೋದು ಯುಎಸ್‌ಬಿ 2.0. ಅದರ ಮಿತಿಯೇ 480 ಎಂಬಿಪಿಎಸ್, 1200 ಎಂಬಿಪಿಎಸ್‌ನ ಡಾಂಗಲ್ ಚುಚ್ಚಿ ಏನೂ ಉಪಯೋಗವಿಲ್ಲ. ಲಿನಕ್ಸ್‌ನಲ್ಲಿ ಕೆಲವು ಡಾಂಗಲ್‌ಗಳ ಡ್ರೈವರ್ ಕರ್ನಲ್‌ನಲ್ಲಿ ಇರಲ್ಲ, ಅಪ್‌ಡೇಟ್ ಬಂದಾಗಲೆಲ್ಲ ತಲೆನೋವು.

ಊರಿನ ದೊಡ್ಡ ಮನೆ, ದಪ್ಪ ಮಣ್ಣಿನ ಗೋಡೆ ಇದ್ದವರಿಗೆ ನನ್ನ ಸಲಹೆ ಸ್ವಲ್ಪ ಬೇರೆ. ಅಂಥ ಗೋಡೆ ದಾಟೋದ್ರಲ್ಲಿ 5 ಗಿಗಾಹರ್ಟ್ಸ್ ಸೊರಗುತ್ತೆ, ಅಕ್ಕಪಕ್ಕ ರೌಟರ್‌ಗಳ ಕಾಟ ಇಲ್ಲದ ಕಡೆ 2.4 ಚೆನ್ನಾಗೇ ಓಡುತ್ತೆ. ಅಲ್ಲಿ ನೋಡಬೇಕಾದ್ದು ಎರಡೂ ಆಂಟೆನಾ ವೈರ್‌ಗಳು ಕಾರ್ಡಿಗೆ ಸರಿಯಾಗಿ ಕೂತಿವೆಯಾ ಅನ್ನೋದನ್ನ.

ಆ ವೈರ್‌ಗಳ ವಿಷಯದಲ್ಲಿ ಆತುರ ಬೇಡ. ಬ್ಯಾಟರಿ ತೆಗೆದು, ಕೀಬೋರ್ಡ್ ಮತ್ತು ಪಾಮ್‌ರೆಸ್ಟ್ (ಅಂಗೈ ಊರೋ ಭಾಗ) ಎತ್ತಿದ ಮೇಲೆ ಕಾರ್ಡ್ ಕಾಣುತ್ತೆ. ಮೊದಲು ಒಂದು ಫೋಟೋ ತೆಗೆದುಕೊಳ್ಳಿ, ಯಾವ ಬಣ್ಣದ ವೈರ್ ಯಾವ ಕಡೆ ಅಂತ ಗೊತ್ತಿರಬೇಕು. ಕನೆಕ್ಟರನ್ನ ಪಕ್ಕಕ್ಕೆ ಎಳೀಬೇಡಿ, ನೇರ ಮೇಲಕ್ಕೆ ಎತ್ತಿ. ಹಾಕುವಾಗ ಬೆರಳ ತುದಿ ಇಟ್ಟು ಒತ್ತಿದರೆ ಸಣ್ಣಗೆ ಟಿಕ್ ಅನ್ನುತ್ತೆ. ಇವು ಸುಮಾರು 30 ಸಲ ತೆಗೆದು ಹಾಕೋದಕ್ಕಷ್ಟೇ ತಯಾರಾದವು, ಹಾಗಾಗಿ ಸುಮ್ಮನೆ ಬಿಚ್ಚಿ ನೋಡೋ ಆಟ ಬೇಡ. ಬೇರೆ ಮಾಡೆಲ್ ಇದ್ದವರು ಹಳೇ ಕಾರ್ಡಿನ ಸ್ಟಿಕರ್ ಕಾಣೋ ಹಾಗೆ ಫೋಟೋ ಕೆಳಗೆ ಹಾಕಿ, ಅದಕ್ಕೆ ಯಾವುದು ಹೊಂದುತ್ತೆ ಅಂತ ಒಟ್ಟಿಗೆ ಹುಡುಕೋಣ.