ನಾಲ್ಕನೇ ಸಬ್ಜೆಕ್ಟ್ ಅವಳೇ ಆರಿಸಲಿ

ಅಕ್ಕನ ಮಗಳು ಎಸ್‌ಎಸ್‌ಎಲ್‌ಸಿ ಮುಗಿಸಿದ್ದಾಳೆ. ಕಳೆದ ಭಾನುವಾರ ವಿಜಯನಗರದ ಅವರ ಮನೆಯಲ್ಲಿ ಊಟಕ್ಕೆ ಕೂತರೆ ಮಾತೆಲ್ಲ ಅವಳ ಪಿಯುಸಿಯದ್ದೇ. ಭಾವನಿಗೆ ಪಿಸಿಎಂಬಿ (ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್, ಬಯಾಲಜಿ) ಆಗಬೇಕು. "ಬಯಾಲಜಿ ಇರಲಿ, ಇಂಜಿನಿಯರಿಂಗೂ ಆಗುತ್ತೆ, ಮೆಡಿಕಲ್ಲೂ ಆಗುತ್ತೆ" ಅಂತ. ಅಕ್ಕನಿಗೆ ಕಂಪ್ಯೂಟರ್ ಸೈನ್ಸ್, ಮುಂದೆ ಸಿಎಸ್ ಸೀಟು ಬೇಕಲ್ಲ. ಹುಡುಗಿ ಅನ್ನಕ್ಕೆ ಸಾರು ಕಲಸುತ್ತಾ ಸುಮ್ನೆ ಕೂತಿದ್ದಳು. ಆಮೇಲೆ ಅಡುಗೆಮನೆಯಲ್ಲಿ ಮೆಲ್ಲಗೆ ಹೇಳಿದಳು, "ಚಿಕ್ಕಮ್ಮ, ನಂಗೆ ಸ್ಟ್ಯಾಟಿಸ್ಟಿಕ್ಸ್ ತಗೋಬೇಕು ಅಂತ ಆಸೆ. ಅಂಕ ಜಾಸ್ತಿ ಬರುತ್ತೆ, ಕನ್ನಡ ಬಿಟ್ಟು ಸಂಸ್ಕೃತ ತಗೋ ಅಂತಾನೂ ಹೇಳ್ತಿದ್ದಾರೆ. ನಂಗಿಷ್ಟ ಇಲ್ಲ."

ಪಿಯುಸಿ ಅಂದರೆ ಎರಡು ಭಾಷೆ, ನಾಲ್ಕು ಸಬ್ಜೆಕ್ಟ್, ಒಟ್ಟು 600 ಅಂಕ. ಆದರೆ ರಾಜ್ಯದ ಪ್ರವೇಶ ಪರೀಕ್ಷೆ ಸಿಇಟಿಯ ಇಂಜಿನಿಯರಿಂಗ್ ರ‍್ಯಾಂಕಿಗೆ ಲೆಕ್ಕಕ್ಕೆ ಬರುವುದು ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಮಾತ್ರ. ಈ ಮೂರರಲ್ಲಿ ಬಂದ ಪಿಯುಸಿ ಅಂಕಕ್ಕೆ ಅರ್ಧ ತೂಕ, ಸಿಇಟಿ ಅಂಕಕ್ಕೆ ಇನ್ನರ್ಧ. ಪಿಯುಸಿಯಲ್ಲಿ ಎಲೆಕ್ಟ್ರಾನಿಕ್ಸ್ ಓದಿದ್ದೀಯೋ ಸ್ಟ್ಯಾಟಿಸ್ಟಿಕ್ಸ್ ಓದಿದ್ದೀಯೋ ಅಂತ ಸಿಎಸ್ ಸೀಟು ಕೇಳುವುದಿಲ್ಲ, ರ‍್ಯಾಂಕ್ ಕೇಳುತ್ತದೆ. ಭಾಷೆಯ ಅಂಕ ಆ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಹಾಗಿದ್ದ ಮೇಲೆ ಅಂಕಕ್ಕೋಸ್ಕರ ಕನ್ನಡ ಬಿಡಿಸುವುದು ಯಾಕೆ? ಸಂಸ್ಕೃತ ಇಷ್ಟ ಇರುವವರು ಖಂಡಿತ ಓದಲಿ. ಹತ್ತು ವರ್ಷ ಕನ್ನಡ ಓದಿ, ಕಥೆ ಅಂದರೆ ಪ್ರಾಣ ಬಿಡುವ ಹುಡುಗಿಯಿಂದ ಅದನ್ನು ಕಿತ್ತುಕೊಂಡರೆ ನನಗೆ ಹೊಟ್ಟೆ ಉರಿಯುತ್ತದೆ. (ಬಿಕಾಂ, ಬಿಎಸ್ಸಿಗೆ ಒಟ್ಟು ಪರ್ಸೆಂಟೇಜ್ ನೋಡುವ ಕಾಲೇಜುಗಳಿವೆ, ಅಲ್ಲಿ ಭಾಷೆಯ ಅಂಕಕ್ಕೂ ಬೆಲೆ ಇದೆ, ಅದು ನಿಜ. ಆದರೆ ನಮ್ಮ ಮನೆಯಲ್ಲಿ ನಡೆಯುತ್ತಿರುವುದು ಇಂಜಿನಿಯರಿಂಗ್ ಮಾತು.)

"ಬಯಾಲಜಿ ಇರಲಿ" ಅನ್ನುವ ಮಾತಿಗೆ ನನಗೆ ಭಯ ಜಾಸ್ತಿ. ಮೆಡಿಕಲ್ ಪ್ರವೇಶ ಪರೀಕ್ಷೆ ನೀಟ್‌ನ 720 ಅಂಕದಲ್ಲಿ 360 ಬಯಾಲಜಿಯದ್ದೇ. ಮನಸ್ಸಿಲ್ಲದೆ ಓದಿ ದಾಟುವ ಪರೀಕ್ಷೆ ಅಲ್ಲ ಅದು. ನಾನೂ ಹೀಗೇ ಎಲ್ಲರ ಮಾತು ಕೇಳಿ ಪಿಸಿಎಂಬಿ ತಗೊಂಡವಳು. ರಾತ್ರಿ ಹನ್ನೊಂದರವರೆಗೆ ರೆಕಾರ್ಡ್ ಬುಕ್ಕಿನಲ್ಲಿ ಚಿತ್ರ ಬಿಡಿಸಿದ್ದು, ಮ್ಯಾಥ್ಸ್ ಲೆಕ್ಕಗಳು ನಾಳೆಗೆ ನಾಳೆಗೆ ಅಂತ ಉಳಿದಿದ್ದು, ಕೊನೆಗೆ ರ‍್ಯಾಂಕಿಗೆ ಬೇಕಾಗಿದ್ದ ಮ್ಯಾಥ್ಸಲ್ಲೇ ಅಂಕ ಬಿದ್ದಿದ್ದು ಎಲ್ಲ ನೆನಪಿದೆ. ಅಪ್ಪ ಬೈಯಲಿಲ್ಲ. ಅವರು ಸುಮ್ಮನಿದ್ದದ್ದೇ ಇವತ್ತಿಗೂ ನೋವು.

ನಿಜವಾಗಿ ಯೋಚನೆ ಮಾಡಬೇಕಾದದ್ದು ಯಾವುದನ್ನು ಬಿಟ್ಟರೆ ಯಾವ ದಾರಿ ಮುಚ್ಚುತ್ತದೆ ಅಂತ. ಡಾಕ್ಟರ್ ಆಗಬೇಕು, ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆಯಲ್ಲಿ ಅಗ್ರಿ ಬಿಎಸ್ಸಿ ಓದಬೇಕು ಅನ್ನುವ ಮಗು ಬಯಾಲಜಿ ಬಿಡಬಾರದು. ಮ್ಯಾಥ್ಸ್ ಬಿಟ್ಟರೆ ಐಐಎಸ್‌ಸಿಯ ನಾಲ್ಕು ವರ್ಷದ ಡಿಗ್ರಿಯೂ ಇಲ್ಲ, ಮೈಸೂರು ರಸ್ತೆಯ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್, ಅಂದರೆ ಐಎಸ್‌ಐನಲ್ಲಿರುವ ಮ್ಯಾಥ್ಸ್ ಡಿಗ್ರಿ ಬಿ.ಮ್ಯಾಥ್ ಕೂಡ ಇಲ್ಲ. ಲಾ ಓದುವವರಿಗೆ ಈ ಚಿಂತೆಯೇ ಬೇಡ. ನಾಗರಭಾವಿಯ ಲಾ ಸ್ಕೂಲಿಗೆ ಹೋಗುವ ಕ್ಲಾಟ್ ಪರೀಕ್ಷೆಯನ್ನು ಆರ್ಟ್ಸ್, ಕಾಮರ್ಸ್, ಸೈನ್ಸ್ ಯಾರು ಬೇಕಾದರೂ ಬರೆಯಬಹುದು. ನಮ್ಮ ಹುಡುಗಿಗೆ ಡಾಕ್ಟರ್ ಆಗುವ ಆಸೆ ಇಲ್ಲ, ಲೆಕ್ಕ ಅಂದರೆ ಇಷ್ಟ. ಪಿಸಿಎಂಎಸ್ (ಬಯಾಲಜಿ ಬದಲು ಸ್ಟ್ಯಾಟಿಸ್ಟಿಕ್ಸ್) ತಗೊಂಡರೆ ಅವಳು ಕಳೆದುಕೊಳ್ಳುವುದು ಏನೂ ಇಲ್ಲ, ಅಲ್ವಾ?

ಇಷ್ಟನ್ನೂ ಭಾವನಿಗೆ ಹೇಳಿದೆ. "ಸರಿ, ಕಾಲೇಜ್ ಹುಡುಕು ನೋಡೋಣ" ಅಂದರು. ಅವರು ಇಷ್ಟಕ್ಕೆ ಒಪ್ಪಿದ್ದೇ ದೊಡ್ಡದು. ಆದರೆ ಮನೆ ಹತ್ತಿರದ ಎರಡು ಕಾಲೇಜಿನಲ್ಲಿ ವಿಚಾರಿಸಿದರೆ ಸ್ಟ್ಯಾಟಿಸ್ಟಿಕ್ಸ್ ಸೆಕ್ಷನ್ನೇ ಇಲ್ಲ. ಒಂದು ಕಡೆಯಂತೂ ಹುಡುಗಿಯ ಮುಖ ಕೂಡ ನೋಡದೆ ಪಿಯುಸಿ ಜೊತೆಗೇ ಕೋಚಿಂಗ್ ಇರುವ ಪಿಸಿಎಂಬಿ ಇಂಟಿಗ್ರೇಟೆಡ್ ಕೋರ್ಸಿನ ಫೀಸ್ ಚೀಟಿ ಕೈಗೆ ಕೊಟ್ಟರು.

ಮೆಜೆಸ್ಟಿಕ್‌ನಲ್ಲಿ ಮೆಟ್ರೋ ಬದಲಿಸಿ ಮಲ್ಲೇಶ್ವರ, ರಾಜಾಜಿನಗರದ ಕಡೆ ಹೋಗಲು ಅವಳು ತಯಾರಿದ್ದಾಳೆ. ಆ ಕಡೆ ಪಿಸಿಎಂಎಸ್ ಇದ್ದು, ಕನ್ನಡವೂ ತಗೊಳ್ಳಬಹುದಾದ ಕಾಲೇಜು ಯಾವುದಿದೆ? ನಿಮ್ಮ ಮಕ್ಕಳು ಓದಿದ್ದರೆ ಅಲ್ಲಿ ಪಾಠ ಹೇಗಿದೆ ಅಂತಲೂ ಕೆಳಗೆ ಬರೆಯಿರಿ. ಸೋಮವಾರ ಇಬ್ಬರೂ ಹೊರಡುತ್ತಿದ್ದೇವೆ.