ಇಂಬಳಕ್ಕೆ ಮೊದಲು ಗೊತ್ತಾಗುತ್ತದೆ

ಮಳೆಗಾಲದಲ್ಲಿ ತೀರ್ಥಹಳ್ಳಿ ಕಡೆಯ ಯಾವುದೇ ಅಡಿಕೆ ತೋಟಕ್ಕೆ ಇಳಿಯಿರಿ. ನೀವು ಬಂದದ್ದು ಮನೆಯ ನಾಯಿಗಿಂತ ಮೊದಲು ಇಂಬಳಕ್ಕೆ, ಅಂದರೆ ನೆಲದ ಜಿಗಣೆಗೆ, ಗೊತ್ತಾಗುತ್ತದೆ.

ಅದು ದರಗಿನ, ಅಂದರೆ ಉದುರಿದ ಒಣ ಎಲೆಗಳ, ಮೇಲೆ ಒಣಕಡ್ಡಿಯ ಹಾಗೆ ಬಿದ್ದುಕೊಂಡಿರುತ್ತದೆ. ನಿಮ್ಮ ಹೆಜ್ಜೆಗೆ ನೆಲ ಅದುರಿತೋ, ಎದ್ದು ನಿಂತಿತು ಅಂತಲೇ ಲೆಕ್ಕ. ಬಾಲದ ಕಡೆಯನ್ನು ಎಲೆಗೆ ಅಂಟಿಸಿಕೊಂಡು, ಮೈಯನ್ನು ನೂಲಿನಷ್ಟು ಸಣ್ಣಗೆ ಎಳೆದು, ತಲೆಯನ್ನು ಅತ್ತ ಇತ್ತ ಆಡಿಸುತ್ತಾ ಹುಡುಕುತ್ತದೆ. ನೆಲದ ಅದುರು, ನೆರಳು, ಮೈಯ ಬಿಸಿ, ಉಸಿರಿನಲ್ಲಿ ಬರುವ ಇಂಗಾಲದ ಡೈಆಕ್ಸೈಡ್, ಎಲ್ಲವೂ ಅದಕ್ಕೆ ಸುಳಿವು. ಧೈರ್ಯವಿದ್ದರೆ ಬಗ್ಗಿ, ಸುಮ್ನೆ ಅದರ ಮೇಲೆ ಉಸಿರು ಬಿಟ್ಟು ನೋಡಿ. ನಿಮ್ಮ ಮೂಗಿನ ಕಡೆಗೇ ಗೇಣು ಹಾಕುತ್ತಾ ಹೊರಡುತ್ತದೆ!

ಇನ್ನು ನಮ್ಮ ಕಥೆ. ಅದು ಕಾಲು ಹತ್ತಿದ್ದು ಗೊತ್ತಾಗುವುದಿಲ್ಲ, ಕಚ್ಚಿದ್ದೂ ಗೊತ್ತಾಗುವುದಿಲ್ಲ. ಹೊಟ್ಟೆ ತುಂಬಿ ಅದು ಉದುರಿ ಹೋದ ಮೇಲೂ, ಅದರ ಎಂಜಲಿನ ದೆಸೆಯಿಂದ ರಕ್ತ ಹೆಪ್ಪುಗಟ್ಟದೆ ಸೋರುತ್ತಿರುತ್ತದೆ. ಇಷ್ಟು ದೊಡ್ಡ ಮೆದುಳು ಹೊತ್ತು ತಿರುಗುವ ನಾವು, ಸಾಕ್ಸ್ ಕೆಂಪಾದ ಮೇಲೆ ಬಗ್ಗಿ ನೋಡುತ್ತೇವೆ.

ಈ ವಿಷಯದಲ್ಲಿ ಕೊಟ್ಟಿಗೆಯ ಹಸುವೇ ವಾಸಿ. ಬೆನ್ನಿನ ಮೇಲೆ ನೊಣ ಕೂತರೆ ಬಾಲ ಬೀಸಬೇಕೆಂದೇನಿಲ್ಲ. ನೊಣ ಕೂತ ಆ ಅಂಗೈಯಗಲ ಜಾಗದ ಚರ್ಮವನ್ನು ಮಾತ್ರ ಪಟಪಟ ಅದುರಿಸುತ್ತದೆ. ಮೆಲುಕು ಹಾಕುವುದು ನಿಲ್ಲುವುದಿಲ್ಲ, ಕಣ್ಣೂ ಮಿಟುಕುವುದಿಲ್ಲ. ಚರ್ಮದ ಅಡಿಯಲ್ಲಿ ಅದಕ್ಕೆಂದೇ ತೆಳ್ಳನೆಯ ಸ್ನಾಯುವಿನ ಹಾಳೆ ಇದೆ. ನಮಗೆ ಅದರ ಪಳೆಯುಳಿಕೆ ಕುತ್ತಿಗೆಯ ಮುಂದೆ ಒಂದಿಷ್ಟು ಉಳಿದಿದೆಯಂತೆ. ನೊಣ ಓಡಿಸಲು ಏನೂ ಪ್ರಯೋಜನವಿಲ್ಲ ಬಿಡಿ.

ಮುಟ್ಟಿದರೆ ಮುನಿಗೆ ಸ್ನಾಯುವೂ ಇಲ್ಲ, ನರವೂ ಇಲ್ಲ. ಮುಟ್ಟಿದೊಡನೆ ತೊಟ್ಟಿನ ಬುಡದ ಪುಟ್ಟ ಗಂಟಿನಲ್ಲಿ ಒಂದು ಬದಿಯ ಕೋಶಗಳಿಂದ ನೀರು ಹೊರಗೆ ಹೋಗುತ್ತದೆ, ಆ ಬದಿ ಸಡಿಲವಾಗುತ್ತದೆ, ಎಲೆ ಮಡಚಿ ಜೋಲುತ್ತದೆ. ಅಮೆರಿಕ ಖಂಡದ ಉಷ್ಣವಲಯದಿಂದ ಬಂದ ಗಿಡ ಇದು. ಈಗ ನಮ್ಮ ಬ್ಯಾಣದ (ದನ ಮೇಯುವ ಹುಲ್ಲುಗಾವಲಿನ) ತುಂಬ ತನ್ನದೇ ಊರು ಎಂಬಂತೆ ಹಬ್ಬಿದೆ. ಬರಿಗಾಲಲ್ಲಿ ತುಳಿದವರಿಗೆ ಅದರ ನಾಚಿಕೆಗಿಂತ ಮುಳ್ಳೇ ಜಾಸ್ತಿ ನೆನಪಿರುತ್ತದೆ.

ಇದರ ಮೇಲೆ ವಿಜ್ಞಾನಿ ಮೋನಿಕಾ ಗಗ್ಲಿಯಾನೋ ಮತ್ತು ಸಂಗಡಿಗರ ಒಂದು ಪ್ರಯೋಗ 2014ರಲ್ಲಿ ಪ್ರಕಟವಾಯಿತು. ಗಿಡದ ಕುಂಡವನ್ನು 15 ಸೆಂಟಿಮೀಟರ್ ಎತ್ತರದಿಂದ ಮತ್ತೆ ಮತ್ತೆ ಕೆಳಗೆ ಬಿಟ್ಟರು. ಮೊದಮೊದಲು ಎಲೆ ಮುಚ್ಚಿಕೊಂಡಿತು. ಬಿದ್ದರೂ ಏನೂ ಆಗುವುದಿಲ್ಲ ಅಂತ ಆದ ಮೇಲೆ ಮುಚ್ಚುವುದನ್ನೇ ಬಿಟ್ಟಿತು. ಸುಮಾರು ತಿಂಗಳ ನಂತರ ಮತ್ತೆ ಬೀಳಿಸಿದಾಗಲೂ ಕ್ಯಾರೇ ಅನ್ನಲಿಲ್ಲ. ಇದನ್ನು ಕಲಿಕೆ ಅನ್ನಬಹುದೇ ಎಂದು ತಿಳಿದವರು ಜಗಳವಾಡುತ್ತಲೇ ಇದ್ದಾರೆ. ನನಗಂತೂ ಅನುಮಾನವಿಲ್ಲ, ಯಾಕೆಂದರೆ ಮಲೆನಾಡಿನವರನ್ನು ನೋಡಿದ್ದೇನೆ.

ಬೆಂಗಳೂರಿನಿಂದ ಬಂದ ನೆಂಟರು ಕಾಲಲ್ಲಿ ಇಂಬಳ ಕಂಡರೆ ತೋಟದಲ್ಲೇ ಯಕ್ಷಗಾನ ಶುರುಮಾಡುತ್ತಾರೆ. ನಮ್ಮ ಭಾವನ ಮೊಣಕಾಲ ಕೆಳಗೆ ಮೂರು ನೇತಾಡುತ್ತಿದ್ದರೂ ಅವರ ಮಾತು ನಿಲ್ಲುವುದಿಲ್ಲ. ಕವಳದ ಸಂಚಿಯಿಂದ ಸುಣ್ಣ ತೆಗೆದು ಒಂದೊಂದಕ್ಕೂ ಒಂದು ಚುಕ್ಕೆ ಇಡುತ್ತಾರೆ. ಅವು ಮುದುಡಿ ಉದುರುತ್ತವೆ. "ಅದು ಬಿಡಾ, ಈ ಸಲ ಅಡಿಕೆಗೆ ಕೊಳೆರೋಗ ಜಾಸ್ತಿ," ಅಂತ ಮಾತು ಮುಂದುವರಿಯುತ್ತದೆ. ಗುಡುಗು ಬಂದರೂ ಅಷ್ಟೇ, ಕರೆಂಟು ಹೋದರೂ ಅಷ್ಟೇ.

ಆದರೆ ಆಗಲೇ ಯಾರಾದರೂ ಶಿವಮೊಗ್ಗ ಮಂಡಿಯಲ್ಲಿ ರಾಶಿ ಅಡಿಕೆ ರೇಟು ಬಿತ್ತಂತೆ ಅನ್ನಲಿ ನೋಡೋಣ. ಸುಣ್ಣದ ಬೆರಳು ಅಲ್ಲೇ ನಿಂತುಬಿಡುತ್ತದೆ. "ಯಾರು ಹೇಳಿದ್ದು? ಎಷ್ಟು ಬಿತ್ತಂತೆ?" ಉಳಿದ ಇಂಬಳದ ಊಟ ಸಾಂಗವಾಗಿ ಮುಗಿಯುತ್ತದೆ.