ವರ್ಣಭೇದ ಬಿಟ್ಟು ವಿಲ್ಮಾ ಪಾಠ ಮಾಡೋದು ಹೇಗೆ?

ಅಮೆರಿಕದ ಕಪ್ಪು ಓಟಗಾರ್ತಿ ವಿಲ್ಮಾ ರುಡಾಲ್ಫ್ ಬಗ್ಗೆ ಇರುವ ಪಾಠದಲ್ಲಿ ಪ್ರೈಮರಿ ಮಕ್ಕಳಿಗೆ ಪೋಲಿಯೊ ಗೆದ್ದು ಓಡಿದ ಕಥೆ ಸಾಕು, ವರ್ಣಭೇದದ ಮಾತು ಹೈಸ್ಕೂಲಿಗಿರಲಿ ಅಂತ ಬರೆದಿದ್ದೀರಿ. ಒಪ್ಪೋದು ಕಷ್ಟ ಸರ್. ಕಾಲಿಗೆ ಲೋಹದ ಪಟ್ಟಿ ಕಟ್ಟಿಕೊಂಡ ಆ ಮಗು ಸುಮಾರು 80 ಕಿ.ಮೀ. ದೂರದ ನ್ಯಾಶ್ವಿಲ್‌ಗೆ, ಕಪ್ಪು ಜನರ ಆಸ್ಪತ್ರೆಗೆ, ಅಮ್ಮನ ಜೊತೆ ಬಸ್ಸಿನಲ್ಲಿ ಹೋಗಬೇಕಿತ್ತು. ಅದೂ ಹಿಂದಿನ ಸೀಟಿನಲ್ಲೇ. ಯಾಕೆ ಅಂತ ಎರಡನೇ ಕ್ಲಾಸಿನ ಮಕ್ಕಳು ಕೇಳೇ ಕೇಳುತ್ತಾರೆ. ಆಗ ಏನು ಹೇಳೋದು? 'ಇದು ಮೋಸ' ಅನ್ನೋದು ಆ ವಯಸ್ಸಿನವರಿಗೆ ನಮಗಿಂತ ಬೇಗ ತಿಳಿಯುತ್ತೆ, ಅಲ್ವಾ?

1960ರ ರೋಮ್ ಒಲಿಂಪಿಕ್ಸ್‌ನ 3 ಚಿನ್ನಕ್ಕೇ ನೀವು ಕಥೆ ಮುಗಿಸಿದ್ದೀರಿ. ನನಗೆ ಅದಕ್ಕಿಂತ ಜಾಸ್ತಿ ಇಷ್ಟವಾಗೋದು ಆಮೇಲಿನದ್ದು. ಕಪ್ಪು ಜನರನ್ನೂ ಬಿಳಿಯರನ್ನೂ ಬೇರೆ ಬೇರೆ ಇಟ್ಟು ಮಾಡುವ ಸನ್ಮಾನಕ್ಕೆ ಬರಲ್ಲ ಅಂದರು ವಿಲ್ಮಾ. ಅವರ ಊರು ಕ್ಲಾರ್ಕ್ಸ್‌ವಿಲ್ ಮಣಿಯಿತು, ಮೆರವಣಿಗೆಯಲ್ಲೂ ಔತಣದಲ್ಲೂ ಎಲ್ಲರೂ ಒಟ್ಟಿಗೇ ಸೇರಿದರು. ನಿಮ್ಮ ಪಾಠದಲ್ಲಿ ಇದಕ್ಕೊಂದು ಸಾಲೂ ಇಲ್ಲ.